ಪರರ ಬಣ್ಣ, ನಮ್ಮ ಕೇರಿ

ತಿಕೋಟಾದಿಂದಲೋ ಬಬಲೇಶ್ವರದಿಂದಲೋ ಬಸ್ಸು ಹಿಡಿದು ವಿಜಯಪುರದ ಕಾಲೇಜಿಗೆ ಬರುವ ಹುಡುಗಿ ಸಮಾಜಶಾಸ್ತ್ರವನ್ನು ಆರಿಸಿಕೊಂಡಳೆನ್ನೋಣ. ಒಂದಲ್ಲ ಒಂದು ದಿನ ಅವಳು ಅಮೆರಿಕದ ವರ್ಣಭೇದದ ಕಥೆಯನ್ನು ಓದಬೇಕಾಗುತ್ತದೆ. ದಕ್ಷಿಣದ ಸಂಸ್ಥಾನಗಳಲ್ಲಿ ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ನಲ್ಲಿಗಳಿದ್ದುದು, ಬೇರೆ ಶಾಲೆಗಳು ಸಲ್ಲವೆಂದು 1954ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಹೇಳಿದುದು, 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಬಂದುದು, ಎಲ್ಲವೂ ಅವಳ ಟಿಪ್ಪಣಿ ಪುಸ್ತಕವನ್ನು ಸೇರುತ್ತವೆ. ದ್ರಾಕ್ಷಿ ಬೆಳೆಯುವ ಸೀಮೆಯ ಹುಡುಗಿಗೆ ಆ ದೂರದ ದೇಶದ ಜಗಳ ಏತಕ್ಕೆ ಎಂದು ವ್ಯವಹಾರಸ್ಥರು ಕೇಳಬಹುದು. ಇದು ನಕ್ಕು ತಳ್ಳಿಬಿಡುವ ಪ್ರಶ್ನೆಯಲ್ಲ. ಪರರ ಪಾಪವನ್ನು ಓದುವುದರಿಂದ ನಮಗೆ ಆಗುವ ಪುಣ್ಯವೇನು?

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಗಾದೆ. ಅನ್ಯಾಯದ ವಿಷಯದಲ್ಲಿ ಈ ಗಾದೆ ತಿರುಗುಮುರುಗಾಗುತ್ತದೆ. ದೂರದ ಅನ್ಯಾಯದ ಕಲ್ಲುಮುಳ್ಳುಗಳೆಲ್ಲ ಎದ್ದು ಕಾಣುತ್ತವೆ. ನುಣ್ಣಗೆ ಕಾಣುವುದು ನಮ್ಮೂರಿನದೇ. ಅಮೆರಿಕದ ಆ ನಲ್ಲಿಯ ಬಳಿ ನಿಂತವರಲ್ಲಿ ಯಾರೂ ನಮ್ಮ ಸೋದರಮಾವನಲ್ಲ, ಊರಗೌಡನಲ್ಲ. ಆದುದರಿಂದ ಅಂಜಿಕೆಯಿಲ್ಲದೆ ತೀರ್ಪು ಕೊಡಬಹುದು. ಹಾಗೆ ತೀರ್ಪು ಕೊಡುವ ಅಭ್ಯಾಸ ಒಮ್ಮೆ ಆಗಲೇಬೇಕು. ದೂರದ ಓದಿನ ಮೊದಲ ಲಾಭ ಇದು. ಅಪಾಯವೂ ಇಲ್ಲಿಯೇ ಇದೆ. ಪರದೇಶದ ಅನ್ಯಾಯಕ್ಕೆ ಮರುಗಿದವನಿಗೆ ತನ್ನ ಸಾಲವೆಲ್ಲ ತೀರಿತೆಂಬ ಭ್ರಮೆ ಹುಟ್ಟುವುದು ಸುಲಭ.

ಹೋಲಿಕೆಯನ್ನು ನಮ್ಮ ಹಿರಿಯರು ಎರಡು ಬಗೆಯಾಗಿ ಬಳಸಿದ್ದಾರೆ. 1873ರಲ್ಲಿ ಜ್ಯೋತಿಬಾ ಫುಲೆಯವರು ತಮ್ಮ ‘ಗುಲಾಮಗಿರಿ’ಯನ್ನು ಕರಿಯರ ದಾಸ್ಯವನ್ನು ತೊಡೆದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಅಲ್ಲಿ ಆದದ್ದು ಇಲ್ಲಿಯೂ ಆಗಲಿ ಎಂಬುದು ಅದರ ಆಶಯ. ಇಲ್ಲಿ ಅಮೆರಿಕ ಒಂದು ಕನ್ನಡಿ. 1927ರಲ್ಲಿ ಕ್ಯಾಥರೀನ್ ಮೇಯೊ ಎಂಬ ಅಮೆರಿಕದ ಲೇಖಕಿ ಭಾರತವನ್ನು ಹಳಿದು ಪುಸ್ತಕ ಬರೆದಾಗ, ಮರುವರ್ಷವೇ ಲಾಲಾ ಲಜಪತರಾಯರು ಉತ್ತರ ಬರೆದು, ಕರಿಯರನ್ನು ನೀವು ನಡೆಸಿಕೊಳ್ಳುವ ರೀತಿಯೇನು ಎಂದು ಕೇಳಿದರು. ಲಾಲಾಜಿ ಅಸ್ಪೃಶ್ಯತೆಯನ್ನು ಸಮರ್ಥಿಸಿದವರಲ್ಲ. ಪರಾಧೀನ ರಾಷ್ಟ್ರದ ಮಾನಕ್ಕಾಗಿ ಎತ್ತಿದ ಆ ಮಾತು ನ್ಯಾಯವಾದದ್ದೇ. ಆದರೆ ಅದೇ ಮಾತು ಸಣ್ಣವರ ಬಾಯಿಗೆ ಬಿದ್ದಾಗ ಕನ್ನಡಿ ಹೋಗಿ ಕಂಬಳಿಯಾಗುತ್ತದೆ. ನೆರೆಮನೆಯ ಗಡಿಗೆಗೆ ಮಸಿ ಹತ್ತಿದೆಯೆಂದರೆ ನಮ್ಮ ಗಡಿಗೆ ಬೆಳಗಿದಂತಾಗುವುದಿಲ್ಲ.

ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆ ಇನ್ನೂ ಸೂಕ್ಷ್ಮವಾದ ಪಾಠ. ಪಂಜಾಬಿನವರಾದ ಇವರು ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸೇರಿದ್ದರು. ಆಮೇಲೆ ಆ ದೇಶದ ಪೌರತ್ವ ಬೇಡಿದರು. ಪರದೇಶದಿಂದ ಬಂದವರಲ್ಲಿ ಬಿಳಿಯರಿಗೂ ಆಫ್ರಿಕ ಮೂಲದವರಿಗೂ ಮಾತ್ರ ಪೌರತ್ವವೆಂದು ಆಗ ಕಾನೂನು. ತಾವು ಉಚ್ಚ ಜಾತಿಯ ಆರ್ಯರು, ಆದ್ದರಿಂದ ಬಿಳಿಯರು ಎಂದು ಅವರ ಪರವಾಗಿ ವಾದ ನಡೆಯಿತು. ಜನಸಾಮಾನ್ಯರ ತಿಳಿವಳಿಕೆಯಲ್ಲಿ ನೀವು ಬಿಳಿಯರಲ್ಲವೆಂದು 1923ರಲ್ಲಿ ನ್ಯಾಯಾಲಯ ತಳ್ಳಿಹಾಕಿತು. ಆ ಕಾನೂನಿನ ಎದುರು ಬೇರೆ ವಾದ ಸುಲಭವಿರಲಿಲ್ಲ, ನಿಜ. ಆದರೂ ಗಮನಿಸಬೇಕು: ಈ ಗೋಡೆ ಅನ್ಯಾಯದ್ದು ಎಂದು ಆ ವಾದ ಹೇಳಲಿಲ್ಲ, ನಾವು ಗೋಡೆಯ ಆಚೆಯವರು ಎಂದಿತು. ಊರಿನ ಜಾತಿ ಪರದೇಶದಲ್ಲಿ ಸಾಕ್ಷಿಯಾಗಿ ಕಟಕಟೆ ಹತ್ತಿತು.

ಇನ್ನು ನಮ್ಮ ವಿಜಯಪುರವನ್ನೇ ನೋಡೋಣ. ಇಂದು ಮಹಿಳಾ ವಿಶ್ವವಿದ್ಯಾಲಯವಿರುವ ತೊರವಿಯ ಪರಿಸರದಲ್ಲಿಯೇ 1599ರಲ್ಲಿ ಇಮ್ಮಡಿ ಇಬ್ರಾಹಿಮ್ ಆದಿಲ್‌ಶಾಹ ನವರಸಪುರವನ್ನು ಕಟ್ಟಿಸತೊಡಗಿದ. ತನ್ನ ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿಯನ್ನೂ ಕಲಬುರಗಿಯ ಗೇಸುದರಾಜರನ್ನೂ ಒಟ್ಟಿಗೆ ಕೊಂಡಾಡಿದ ಅರಸ ಇವನು. ಇವನ ಬಾಲ್ಯದಲ್ಲಿ ರಾಜ್ಯ ನಡೆಸಿದ ದಿಲಾವರ ಖಾನ ಆಫ್ರಿಕದ ಹಬಸಿ ಮೂಲದವನು. ಮುಂದೆ ಮಹಮ್ಮದ ಆದಿಲ್‌ಶಾಹನ ಆಸ್ಥಾನದಲ್ಲಿ ಇಖ್ಲಾಸ್ ಖಾನನೆಂಬ ಇನ್ನೊಬ್ಬ ಹಬಸಿ ಪ್ರಬಲ ಅಧಿಕಾರಿಯಾಗಿದ್ದ. ಸುಲ್ತಾನನೊಡನೆ ಒಂದೇ ಆನೆಯ ಮೇಲೆ ಕುಳಿತ ಅವನ ಚಿತ್ರ ಉಳಿದುಬಂದಿದೆ. ಅದೇ ಶತಮಾನದಲ್ಲಿ, 1662ರಲ್ಲಿ, ಅಮೆರಿಕದ ವರ್ಜೀನಿಯ ದಾಸಿಯ ಮಗು ಹುಟ್ಟಿನಿಂದಲೇ ದಾಸ ಎಂದು ಶಾಸನ ಮಾಡಿತು. ಅದೇ ಕರಿಯ ಬಣ್ಣ ಇಲ್ಲಿ ಅಂಬಾರಿಗೆ ಅಡ್ಡಿಯಾಗಲಿಲ್ಲ, ಅಲ್ಲಿ ಸಂಕೋಲೆಯಾಯಿತು. ಎಂದ ಮೇಲೆ ಸಂಕೋಲೆ ಬಣ್ಣದ ಗುಣವಲ್ಲ, ಮನುಷ್ಯರು ಮಾಡಿದ ಶಾಸನದ ಗುಣ. ಮಾಡಿದ್ದನ್ನು ಮುರಿಯಲೂ ಬಹುದು.

ಇಷ್ಟಕ್ಕೇ ಹೆಮ್ಮೆಪಟ್ಟು ನಿಲ್ಲುವಂತಿಲ್ಲ. ಆ ದರಬಾರಿನಲ್ಲಿಯೂ ದಖನಿಗಳಿಗೂ ಪರದೇಶಿ ಅಮೀರರಿಗೂ ರಕ್ತ ಹರಿಯುವಷ್ಟು ಕಲಹವಿತ್ತು. ಅದಕ್ಕಿಂತ ಮಿಗಿಲಾಗಿ, ದರಬಾರಿನಲ್ಲಿ ಹತ್ತು ಸಂಸ್ಕೃತಿಗಳು ಕೂಡಿ ಹಾಡಿದರೂ ಊರಿನ ಕೇರಿಗಳು ಕೂಡಲಿಲ್ಲ. ಒಂದೇ ಬಣ್ಣ, ಒಂದೇ ಕನ್ನಡ, ಒಂದೇ ಜೋಳದ ರೊಟ್ಟಿ. ಆದರೂ ನಡುವೆ ಗೋಡೆ. ಈ ಜಿಲ್ಲೆಯ ಬಾಗೇವಾಡಿಯ ಬಸವಣ್ಣನವರ ಕಾಲದಲ್ಲಿ, ಹನ್ನೆರಡನೆಯ ಶತಮಾನದಲ್ಲಿಯೇ, ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಗಿ ಕಲ್ಯಾಣವೇ ಹೊತ್ತಿ ಉರಿಯಿತೆಂದು ಪರಂಪರೆ ಹೇಳುತ್ತದೆ. ಪರರ ಹಾಡು, ಹಬ್ಬ, ಊಟಗಳನ್ನು ಮೆಚ್ಚುವುದು ಸುಲಭ. ನೀರು, ಮನೆ, ಮಗಳು ಎಂದು ಬಂದಾಗ ಮೆಚ್ಚುಗೆ ಬಾಗಿಲ ಬಳಿ ನಿಂತುಬಿಡುತ್ತದೆ. ಬಹುಸಂಸ್ಕೃತಿ ಎಂಬ ದೊಡ್ಡ ಮಾತು ಸಮಾನತೆಯ ಬದಲಿಗೆ ಸಲ್ಲುವ ನಾಣ್ಯವಲ್ಲ.

1950ರ ನಮ್ಮ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಸಾರ್ವಜನಿಕ ಬಾವಿ, ಕೆರೆಗಳು ಎಲ್ಲರವೂ ಎಂದಿತು. ಜನಾಂಗ ನೋಡಿ ಬಾಡಿಗೆಗೆ ಮನೆ ನಿರಾಕರಿಸಕೂಡದೆಂದು ಅಮೆರಿಕದಲ್ಲಿ 1968ರಲ್ಲಿ ಕಾಯಿದೆಯಾಯಿತು. ಈ ಎರಡನ್ನೂ ನಮ್ಮ ವಿದ್ಯಾರ್ಥಿನಿ ಬಾಯಿಪಾಠ ಮಾಡಿ ಬರೆಯಬಲ್ಲಳು. ಆದರೆ ನಗರದಲ್ಲಿ ಅವಳ ಜೊತೆಗಾತಿ ಬಾಡಿಗೆ ಕೋಣೆ ಹುಡುಕಿ ಹೊರಟಾಗ ಮನೆಯವರು, “ನೀವು ಯಾರ ಪೈಕಿರಿ?” ಎಂದು ಮೆಲ್ಲಗೆ ಕೇಳುತ್ತಾರೆ. ದನಿಯಲ್ಲಿ ಒರಟುತನವಿರುವುದಿಲ್ಲ, ಕೆಲವೊಮ್ಮೆ ಕುಡಿಯಲು ನೀರು ಕೊಟ್ಟ ಮೇಲೆಯೇ ಕೇಳುವುದುಂಟು. ಉತ್ತರ ಬಂದ ಮೇಲೆ ಕೋಣೆ ಯಾರಿಗೋ ಮೊದಲೇ ಕೊಟ್ಟಾಗಿರುತ್ತದೆ.

ಆಗ ಓದಿದವಳು ಏನು ಮಾಡಬೇಕು? ಜಗಳವಾಡಲೇಬೇಕೆಂದಿಲ್ಲ. ಆ ಪ್ರಶ್ನೆ ಎಂಥದೆಂದು ಗುರುತಿಸಿದರೆ, ಜೊತೆಗಾತಿಯನ್ನು ಒಂಟಿಯಾಗಿ ಹಿಂದಿರುಗಲು ಬಿಡದಿದ್ದರೆ, ನಾಳೆ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಅದೇ ಪ್ರಶ್ನೆಯನ್ನು ತಾನು ಕೇಳದಿದ್ದರೆ, ದೂರದ ದೇಶದ ಪಾಠ ಅವಳಿಗೆ ಹತ್ತಿತೆನ್ನಬೇಕು. ಇದಕ್ಕೆ ಯಾವ ಪರೀಕ್ಷೆಯಲ್ಲಿಯೂ ಅಂಕಗಳಿಲ್ಲ. ಹಾಗೆಂದು ಇದು ಪಠ್ಯದ ಹೊರಗಿನ ವಿಷಯವೂ ಅಲ್ಲ.