ಕಲ್ಮನೆಗೆ

ಹೊತ್ತು ಇಳಿಯುತ್ತಿದ್ದಂತೆ ಎದುರು ಗುಡ್ಡದ ಕೆಂಪು ಅಗಸ್ತ್ಯತೀರ್ಥದ ಹಸಿರು ನೀರಿಗೆ ಜಾರಿ, ಅಲ್ಲಿಂದ ಅರ್ಧ ತೊಯ್ದ ಹಾಗೆ ಮೇಲೆದ್ದು, ಬಾದಾಮಿಯ ಮೂರನೆಯ ಗುಹೆಯ ಕಂಬಗಳನ್ನು ಒಂದೊಂದಾಗಿ ಮುಟ್ಟುತ್ತ ಬರುತ್ತದೆ. ಕೆಳಗೆ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುವ ಸದ್ದು ಬಂಡೆಗೆ ಬಡಿದು, ಒಂದು ಏಟು ಎರಡಾಗಿ, ತುಸು ತಡವಾಗಿ ಮೇಲೇರಿ ಬರುತ್ತದೆ. ಅನಂತನ ಸುರುಳಿಯ ಮೇಲೆ ಕೂತ ವಿಷ್ಣುವನ್ನು, ಆಕಾಶಕ್ಕೆ ಕಾಲೆತ್ತಿದ ತ್ರಿವಿಕ್ರಮನನ್ನು ನೋಡಿ ಬಂದವರೆಲ್ಲ ಹೊರಟುಹೋದ ಮೇಲೆ ನಾನು, ಸುಮ್ಮನೆ, ಕಲ್ಲಿನ ಮೇಲಿನ ಅಕ್ಷರಗಳ ಹತ್ತಿರ ಉಳಿದೆ.

ಎರಡು ಬರಹಗಳಿವೆ ಇಲ್ಲಿ. ಒಂದು ಸಂಸ್ಕೃತದ್ದು, ಶಕವರ್ಷ 500, ಅಂದರೆ 578, ಎಂದು ಕಾಲವನ್ನು ಗಂಭೀರವಾಗಿ ಎಣಿಸಿ ಹೇಳುವಂಥದು. ಇನ್ನೊಂದು ಕನ್ನಡದ್ದು, ಪುಟ್ಟದು, ತನಗೆ ವಯಸ್ಸೆಷ್ಟೆಂದು ಹೇಳಿಕೊಳ್ಳದ್ದು. ಚಾಲುಕ್ಯರ ಮಂಗಲೇಶನು ಲಂಜಿಗೇಸರವೆಂಬ ಊರನ್ನು ಈ ಗುಡಿಗೆ ಕೊಟ್ಟನಂತೆ. ಹೂಮಾಲೆ ಕಟ್ಟುವವರನ್ನೂ ನೆನೆದನಂತೆ. ಗುಡಿಯನ್ನು ಆ ಬರಹ ದೇವಾಲಯವೆನ್ನದೆ ‘ಕಲ್ಮನೆ’ ಎನ್ನುತ್ತದೆ. ಕಲ್ಲಿನ ಮನೆ. ಸಾವಿರದ ನಾಲ್ಕುನೂರು ವರ್ಷದ ಆಚೆಯಿಂದ ಬಂದ ಆ ಮಾತು, ಪಕ್ಕದೋಣಿಯ ಅಜ್ಜಿ ಬಾಗಿಲಲ್ಲಿ ನಿಂತು ಕರೆದಷ್ಟು ಹತ್ತಿರದಲ್ಲಿ ಕೇಳಿಸಿತು.

ಕೊನೆಯಲ್ಲಿ ಒಂದು ಶಾಪವಿದೆ: ಇದನ್ನು ಅಳಿದವನು ಏಳನೆಯ ನರಕದ ಹುಳುವಾಗಲಿ. ಆದರೆ ಕಲ್ಲಿನಲ್ಲಿರುವುದು ಹುಳು ಅಲ್ಲ, ‘ಪುೞು’. ಆ ನಡುವಿನ ೞಕಾರವನ್ನು ಹೇಳಲು ನಾಲಗೆ ಅಂಗುಳಿನ ಕಡೆಗೆ ಮಡಚಬೇಕು, ಮಡಚಿಯೂ ಎಲ್ಲಿಯೂ ತಾಗಬಾರದು. ತಮಿಳರ, ಮಲಯಾಳಿಗಳ ಬಾಯಲ್ಲಿ ಅದು ಇನ್ನೂ ಆಡುತ್ತಿದೆ. ನಮ್ಮಲ್ಲಿ ಯಾವುದೋ ತಲೆಮಾರಿನಲ್ಲಿ ಮೆಲ್ಲಗೆ ಳಕಾರದೊಳಗೆ ಕರಗಿತು. ಮೊದಲಿನ ಪಕಾರದ ತುಟಿಗಳೂ ಹಾಗೇ ಬಿಚ್ಚಿಕೊಂಡವು. ಪಾಲು ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಗಿ ಕಾಡು ಸೇರಿತು. 941ರಲ್ಲಿ ಪಂಪ ಕಾವ್ಯ ಬರೆಯುವಾಗ ಇನ್ನೂ ಕೂಡಿದ್ದ ತುಟಿಗಳು, ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಬಸವಣ್ಣ ಓಡಾಡುವ ಹೊತ್ತಿಗೆ ಉಸಿರಿಗೆ ದಾರಿ ಬಿಡತೊಡಗಿದ್ದವು. ಇದನ್ನು ಯಾವ ರಾಜನೂ ಹೇಳಿ ಮಾಡಿಸಲಿಲ್ಲ. ಪಟ್ಟದಕಲ್ಲು, ಐಹೊಳೆ ದಾಟಿ ಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯ ನೀರು ತನ್ನ ಕಲ್ಲುಗಳ ಮೂಲೆಯನ್ನು ಉಜ್ಜಿ ದುಂಡಗಾಗಿಸಿದ ಹಾಗೆ, ಕೂಸಿಗೆ ಹಾಲು ಕುಡಿಸುತ್ತ, ಸಂತೆಯಲ್ಲಿ ಚೌಕಾಸಿ ಮಾಡುತ್ತ, ಯಾರ ಅರಿವಿಗೂ ಬಾರದೆ ಜನ ಒಂದು ಅಕ್ಷರವನ್ನು ಉಸಿರಾಗಿಸಿಬಿಟ್ಟರು.

ದೂರದ ಇಂಗ್ಲಿಷಿನ ಪೂರ್ವಜರ ಬಾಯಲ್ಲೂ ಇದೇ ಪಕಾರ ಸಡಿಲಿತ್ತಲ್ಲ ಎಂದು ಅಲ್ಲೇ ಕೂತಾಗ ನೆನಪಾಯಿತು. ನಮ್ಮ ಸಂಸ್ಕೃತದ ‘ಪಾದ’ ಅವರ ‘ಫುಟ್’, ‘ಪಿತೃ’ ಅವರ ‘ಫಾದರ್’. ಅವರಿಗೂ ಒಂದು ಹುಳು ಇತ್ತು. ಹಳೆಯ ಇಂಗ್ಲಿಷಿನಲ್ಲಿ ಅದರ ಹೆಸರು ‘ವ್ಯುರ್ಮ್’; ‘ಬೇವುಲ್ಫ್’ ಕಾವ್ಯದಲ್ಲಿ ನಿಧಿಯನ್ನು ಕಾಯ್ದು ಬೆಂಕಿಯುಗುಳುವ ಮಹಾಸರ್ಪಕ್ಕೆ ಆ ಹೆಸರು. ಶತಮಾನಗಳು ತೇಯ್ದು ತೇಯ್ದು ಅದು ‘ವರ್ಮ್’ ಆಗಿ, ಮಳೆ ಬಂದಾಗ ಮಣ್ಣಿನಿಂದ ಹೊರಬರುವ ಎರೆಹುಳುವಾಯಿತು. ಬೆಂಕಿಯಿಂದ ಹಸಿಮಣ್ಣಿಗೆ! ನಮ್ಮ ಹುಳು ಮಾತ್ರ ದನಿ ಬದಲಿಸಿತು, ಮೈ ಬದಲಿಸಲಿಲ್ಲ.

ಕತ್ತಲಾಗುವ ಮುಂಚೆ ಇಳಿದು ಇಳಕಲ್ಲಿನ ದಾರಿ ಹಿಡಿದೆ. ಬಸ್ಸು ಅಮೀನಗಡದಲ್ಲಿ ನಿಂತಾಗ ಕರದಂಟು ಕಟ್ಟಿಸಿಕೊಂಡು ಬಂದೆ (ಆ ಊರಲ್ಲಿ ಇಳಿದು ಬರಿಗೈಲಿ ಹತ್ತುವುದು ನನ್ನಿಂದಾಗದು). ಕಂಡಕ್ಟರು ಕರೆದ: “ಸೀಟ್ ಖಾಲಿ ಐತ್ರಿ, ಕುಂದರ್‍ರಿ.” ಕೂತೆ, ಮತ್ತು ಕೂತದ್ದು ಎಲ್ಲಿ ಎಂದು ಬೆರಗಾದೆ. ‘ಸೀಟ್’ ಉತ್ತರ ಸಮುದ್ರ ದಾಟಿ ಬಂದ ನಾವಿಕರ ನಾರ್ಸ್ ನುಡಿಯಿಂದ ಇಂಗ್ಲಿಷಿಗೆ ಬಂದದ್ದು. ‘ಖಾಲಿ’ ಅರಬ್ಬೀ ಮರಳಿನಿಂದ ಎದ್ದು ಸುಲ್ತಾನರ ದಫ್ತರಗಳ ದಾರಿಯಾಗಿ ಇಲ್ಲಿಗೆ ಬಂದದ್ದು. ‘ಕುಂದರ್‍ರಿ’ ಈ ಎರೆಮಣ್ಣಿನದ್ದೇ. ಇನ್ನು ‘ಬಸ್ಸು’? 1829ರಲ್ಲಿ ಲಂಡನ್ನಿನ ಬೀದಿಗಿಳಿದ ಕುದುರೆಗಾಡಿಗೆ ‘ಆಮ್ನಿಬಸ್’ ಎಂದು ಹೆಸರಿತ್ತು. ಅದು ಲ್ಯಾಟಿನ್ ಮಾತು, ‘ಎಲ್ಲರಿಗೂ’ ಎಂದು ಅರ್ಥ. ಅವಸರದ ಜನ ತಲೆಯನ್ನು ಕತ್ತರಿಸಿ ಬಾಲವನ್ನಷ್ಟೇ ಉಳಿಸಿಕೊಂಡರು. ಆ ಬಾಲ ಬರೀ ಒಂದು ಚತುರ್ಥೀ ಪ್ರತ್ಯಯ, ನಮ್ಮ ‘ಗೆ’ ಇದ್ದ ಹಾಗೆ. ತನ್ನ ಹಳೆಯ ವಿಭಕ್ತಿಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ದಾರಿಯಲ್ಲಿ ಉದುರಿಸಿಕೊಂಡು ಬಂದ ಇಂಗ್ಲಿಷು, ಬೇರೆಯವರ ಒಂದು ವಿಭಕ್ತಿಗೆ ಗಾಲಿ ಕಟ್ಟಿ ಊರೂರು ಓಡಿಸುತ್ತಿದೆ. ಹುನಗುಂದದ ಜೋಳದ ಹೊಲಗಳ ನಡುವೆ, ಕುಪ್ಪಸದ ತೋಳಿಗೆ ಧೂಳು ಮೆತ್ತಿದ ಹೆಂಗಸರನ್ನು, ಸಾಲಿ ಹುಡುಗರನ್ನು, ಒಂದು ಆಡಿನ ಮರಿಯನ್ನು ಹೊತ್ತುಕೊಂಡು, ಒಂದು ‘ಗೆ’ ಓಡುತ್ತಿತ್ತು.

ಆಗ ಗುಹೆಯ ಬರಹ ಮತ್ತೆ ಕಣ್ಣಿಗೆ ಬಂತು. ‘ಕಲ್ಮನೆಗೆ’ ಎಂದಿತ್ತು ಅಲ್ಲಿ. ಪಕಾರ ಹೋಯಿತು, ೞಕಾರ ಹೋಯಿತು, ವಾತಾಪಿಯೇ ಬಾದಾಮಿಯಾಯಿತು. ಆ ‘ಗೆ’ ಮಾತ್ರ ಬೆರಳ ತುದಿಯಷ್ಟೂ ಸವೆಯದೆ, ಕೊಡುವ ಕೈಯ ಹಾಗೆ ಚಾಚಿಕೊಂಡೇ ಇದೆ.

ಇಳಕಲ್ಲಿನ ಓಣಿಯೊಂದರಲ್ಲಿ, ಕುಣಿಮಗ್ಗದ ಪಕ್ಕ ಒಬ್ಬಾಕೆ ದೀಪದ ಕೆಳಗೆ ಕೊಂಡಿ ಹಾಕುತ್ತಿದ್ದಳು. ಮೈಯ ಹತ್ತಿನೂಲಿನ ಎಳೆಗೆ ಸೆರಗಿನ ರೇಷ್ಮೆಯೆಳೆಯನ್ನು ಕುಣಿಕೆಯೊಳಗೆ ಕುಣಿಕೆಯಾಗಿ ಸಿಕ್ಕಿಸುತ್ತ, ಒಂದು, ಮತ್ತೊಂದು, ಮತ್ತೊಂದು. ಕೆಂಪು ರೇಷ್ಮೆ ದೀಪಕ್ಕೆ ಮಿಂಚುತ್ತಿತ್ತು. ಅದೂ ಹುಳುವಿನದೇ ಉಸಿರಲ್ಲವೇ ಎಂದುಕೊಂಡೆ, ಏಳನೆಯ ನರಕದ್ದಲ್ಲ, ಹಿಪ್ಪುನೇರಳೆ ಎಲೆಯದು. ನೇಯ್ದು ಮಡಿಸಿಟ್ಟ ಸೀರೆಗಳಲ್ಲಿ ಒಂದರ ತೋಪು ತೆನಿ ಸೆರಗನ್ನು ನಾನು ಬಿಚ್ಚಿ ನೋಡುತ್ತಿರುವಾಗ ಆಕೆ ಎಳೆಯಿಂದ ಕಣ್ಣು ತೆಗೆಯದೆ ಕೇಳಿದಳು:

“ಯಾರಿಗ್ರಿ?”

“ಅವ್ವಗ,” ಎಂದೆ.