ಆಟಕ್ಕುಂಟು, ಲೆಕ್ಕಕ್ಕಿಲ್ಲವೆ?

ಎಳೆಯ ಮಗುವೊಂದನ್ನು ಹಿರಿಯ ಮಕ್ಕಳು ತಮ್ಮ ಆಟದಲ್ಲಿ ಸೇರಿಸಿಕೊಂಡು, ಅದು ಗೆದ್ದರೂ ಸೋತರೂ ಗಣನೆಗೆ ತೆಗೆದುಕೊಳ್ಳದಿರುವುದಕ್ಕೆ 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂಬ ಮಾತು ಕನ್ನಡನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಮಗುವಿನ ವಿಷಯದಲ್ಲಿ ಈ ಮಾತು ವಾತ್ಸಲ್ಯದಿಂದ ಹುಟ್ಟಿದ್ದು, ಅದರಲ್ಲಿ ದೋಷವಿಲ್ಲ. ಆದರೆ ಒಂದು ಲೋಕಕ್ಕೆ ಲೋಕವನ್ನೇ ಹೀಗೆ ಲೆಕ್ಕದಿಂದ ತೆಗೆದುಹಾಕಬಹುದೆ? ಅಲ್ಲಿ ನಡೆಸಿದ ಕೃತ್ಯಕ್ಕೆ ಕರ್ತೃವು ಹೊಣೆಯಲ್ಲವೆ? ಕಂಪ್ಯೂಟರ್ ಯಂತ್ರದ ಆಟವೊಂದರ ಒಳಗೇ ನಡೆಯುವ ಅದ್ಭುತಕಥೆಗಳನ್ನು ಓದುವವರು ಈಗ ದೇಶವಿದೇಶಗಳಲ್ಲಿ ಹೆಚ್ಚಿರುವುದರಿಂದಲೂ, ರಜಾದಿನಗಳಲ್ಲಿ ಮಲೆನಾಡಿನ ಮನೆಗಳಿಗೆ ಬರುವ ಮಕ್ಕಳ ಕೈಯಲ್ಲಿಯೂ ಅವು ಕಾಣುವುದರಿಂದಲೂ ಈ ಪ್ರಶ್ನೆಯು ವಿಚಾರಾರ್ಹವಾಗಿದೆ.

ಆ ಜಾತಿಯ ಗ್ರಂಥಗಳಲ್ಲಿ ಬಹುಪ್ರಸಿದ್ಧವಾದುದು ಜಪಾನಿನ ರೆಕಿ ಕವಾಹರ ಎಂಬವರ 'ಸ್ವೋರ್ಡ್ ಆರ್ಟ್ ಆನ್‌ಲೈನ್'. ಇದರ ಮೊದಲ ಸಂಪುಟವು 2009ರಲ್ಲಿ ಪುಸ್ತಕರೂಪವಾಗಿ ಹೊರಟಿತು. ಕಥೆ ನಡೆಯುವುದು 2022ರಲ್ಲಿ. ಶಿರಸ್ತ್ರಾಣದಂತಹ ಯಂತ್ರವನ್ನು ತಲೆಗೆ ಧರಿಸಿ ಮಲಗಿದವನಿಗೆ, ಆಕಾಶದಲ್ಲಿ ತೇಲುವ ನೂರು ಅಂತಸ್ತುಗಳ ಕೋಟೆಯೊಂದರೊಳಗೆ ತಾನು ಕತ್ತಿ ಹಿಡಿದು ಸಂಚರಿಸುವಂತೆ ಭಾಸವಾಗುತ್ತದೆ. ಹೀಗೆ ಪ್ರವೇಶಿಸಿದವರು 10,000 ಮಂದಿ. ಮೊದಲ ದಿನವೇ ಆಟದ ನಿರ್ಮಾತೃವು ಪ್ರತ್ಯಕ್ಷನಾಗಿ, ನೂರನೆಯ ಅಂತಸ್ತನ್ನು ಗೆಲ್ಲುವವರೆಗೆ ಯಾರಿಗೂ ಬಿಡುಗಡೆಯಿಲ್ಲವೆಂದೂ, ಒಳಗೆ ಸತ್ತವನ ಮಿದುಳನ್ನು ಹೊರಗೆ ಆ ಶಿರಸ್ತ್ರಾಣವೇ ಸುಟ್ಟುಬಿಡುವುದೆಂದೂ ಸಾರುತ್ತಾನೆ. ಎರಡು ವರ್ಷಗಳು ಕಳೆಯುವುದರೊಳಗಾಗಿ ಸುಮಾರು 4,000 ಮಂದಿ ಮೃತರಾಗುತ್ತಾರೆ.

ಇದನ್ನು ಓದಿದವರ ಅಭಿಪ್ರಾಯಗಳು ನಾನಾ ಬಗೆಯವು. ನಾಯಕನು ಅತಿಶಯ ಬಲಶಾಲಿಯೆಂದೂ, ಕಂಡ ಕನ್ಯೆಯರೆಲ್ಲ ಅವನಿಗೆ ಮನಸೋಲುವರೆಂದೂ ಆಕ್ಷೇಪಿಸುವವರುಂಟು. ಆ ಆಕ್ಷೇಪವು ಸರಿಯಾದುದೇ. ನಮ್ಮ ಹಳೆಯ ಚಂಪೂಕಾವ್ಯಗಳ ನಾಯಕರಿಗೂ ಸಲ್ಲತಕ್ಕದ್ದು. ವಿಚಾರಕ್ಕೆ ಬೇಕಾದ ಅಭಿಪ್ರಾಯವು ಬೇರೆ. ಆಟದಲ್ಲಿ ಸತ್ತವನು ನಿಜವಾಗಿಯೂ ಸಾಯುವನೆಂಬ ನಿಯಮವಿರುವುದರಿಂದಲೇ ಈ ಕಥೆಗೆ ತೂಕ ಬಂದಿತು; ಆ ನಿಯಮವಿಲ್ಲದೆ ಹೋದರೆ ಅಲ್ಲಿಯ ಶೌರ್ಯ, ದ್ರೋಹ, ಪ್ರೇಮ, ಯಾವುದಕ್ಕೂ ಅರ್ಥವಿರುತ್ತಿರಲಿಲ್ಲ ಎಂದು ಹಲವು ವಾಚಕರು ಹೇಳುತ್ತಾರೆ. ಗ್ರಂಥಕರ್ತರೂ ಹೀಗೆಯೇ ಭಾವಿಸಿದ್ದಿರಬೇಕು. ಇಲ್ಲವಾದರೆ ಆ ಕ್ರೂರಯಂತ್ರದ ಆವಶ್ಯಕತೆಯೇನಿತ್ತು?

ಈ ಅಭಿಪ್ರಾಯವು ಮೇಲ್ನೋಟಕ್ಕೆ ಯುಕ್ತಿಯುಕ್ತವಾಗಿ ತೋರಿದರೂ ನಿಲ್ಲತಕ್ಕದ್ದಲ್ಲ. ಮರಣದಂಡನೆಯನ್ನು ತಗಲಿಸಿದೊಡನೆ ಆಟವು ಆಟವಾಗಿ ಉಳಿಯದೆ ಇನ್ನೊಂದು ಊರಾಗಿ ಪರಿಣಮಿಸುತ್ತದೆ. ಊರಿನಲ್ಲಿ ಕೊಲೆಯು ಪಾಪವೆಂಬುದಕ್ಕೆ ಕಾದಂಬರಿಯನ್ನೇ ಓದಬೇಕಾಗಿಲ್ಲ. ಯಾರಿಗೂ ಕೂದಲು ಕೊಂಕದಿರುವಲ್ಲಿ ಮಾಡಿದ ಕೃತ್ಯವು ಕೃತ್ಯವೇ ಅಲ್ಲವೆ ಎಂಬುದೇ ಕಠಿನವಾದ ಪ್ರಶ್ನೆ. ಇದನ್ನು ಕನ್ನಡದ ಒಬ್ಬ ಕವಿಯು ಎಂಟು ಶತಮಾನಗಳ ಹಿಂದೆಯೇ ಕೈಗೆತ್ತಿಕೊಂಡಿದ್ದನು. ಆತನು ಜನ್ನ, ಗ್ರಂಥವು 1209ರ ಸುಮಾರಿನ 'ಯಶೋಧರಚರಿತೆ'. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿಗೆ ಹೋಗಿಬರುವ ಜೈನಕುಟುಂಬಗಳಿಗೆ ಈ ಕಥೆಯು ಅಪರಿಚಿತವಲ್ಲ. ಇತರರಿಗಾಗಿ ಸಂಕ್ಷೇಪವಾಗಿ ಹೇಳಬಹುದು.

ಉಜ್ಜಯಿನಿಯ ಅರಸನಾದ ಯಶೋಧರನು ತನ್ನ ರಾಣಿ ಅಮೃತಮತಿಯು ಕುರೂಪಿಯಾದ ಮಾವಟಿಗನಲ್ಲಿ ಅನುರಕ್ತಳಾದುದನ್ನು ಕಂಡು ನೊಂದು, ಕಂಡದ್ದನ್ನು ಕಂಡಂತೆ ಹೇಳಲಾರದೆ ಕನಸಿನ ನೆವದಿಂದ ತಾಯಿ ಚಂದ್ರಮತಿಗೆ ಹೇಳುತ್ತಾನೆ. ಆಕೆಯು ದುಃಸ್ವಪ್ನಶಾಂತಿಗಾಗಿ ದೇವತೆಗೆ ಬಲಿಯನ್ನು ಕೊಡಬೇಕೆನ್ನುತ್ತಾಳೆ. ಜೀವಹಿಂಸೆಯನ್ನು ಒಲ್ಲದ ಮಗನಿಗೂ ಬಲಿಯನ್ನು ಬಿಡಲೊಲ್ಲದ ತಾಯಿಗೂ ನಡುವೆ ಒಂದು ಒಪ್ಪಂದವಾಗಿ ಹಿಟ್ಟಿನ ಹುಂಜವು ಸಿದ್ಧವಾಗುತ್ತದೆ. ಅದಕ್ಕೆ ಬಣ್ಣ ಬಳಿದು ಅರಸನು ಕತ್ತಿಯಿಂದ ಹೊಡೆದಾಗ, ಅದರ ಅಂದಕ್ಕೆ ಮರುಳಾಗಿ ಒಳಹೊಕ್ಕಿದ್ದ ಬೆಂತರವೊಂದು ಹುಂಜದಂತೆಯೇ ಕೂಗುತ್ತದೆ. ಅರಸನ ಎದೆ ನಡುಗುತ್ತದೆ. ಮುಂದೆ ರಾಣಿಯಿಕ್ಕಿದ ವಿಷದಿಂದ ಮಡಿದ ತಾಯಿಮಕ್ಕಳು ನವಿಲು ನಾಯಿ ಮೊದಲಾದ ಜನ್ಮಗಳನ್ನೆತ್ತಿ ಬೇಟೆಯಾಡಲ್ಪಟ್ಟು, ಕೊರೆಯಲ್ಪಟ್ಟು, ಬೇಯಿಸಲ್ಪಟ್ಟು ಅಲೆಯುತ್ತಾರೆ. ಕೊಂದದ್ದು ಹಿಟ್ಟನ್ನು, ತೆತ್ತದ್ದು ಜನ್ಮಜನ್ಮಾಂತರಗಳನ್ನು.

ಇದು ಅತಿಯಾಯಿತೆಂದು ಇಂದಿನ ಓದುಗನಿಗೆ ತೋರುವುದು ಸಹಜ. ದ್ರವ್ಯಹಿಂಸೆ ಬೇರೆ, ಭಾವಹಿಂಸೆ ಬೇರೆ ಎಂದು ಜೈನಶಾಸ್ತ್ರಕಾರರು ವಿಭಾಗಿಸಿ, ಎರಡನೆಯದನ್ನೂ ಹಿಂಸೆಯೆಂದೇ ಎಣಿಸಿದ್ದಾರೆಂಬುದು ನಿಜ. ಆದರೆ ಆ ನ್ಯಾಯವನ್ನು ಎಲ್ಲೆಡೆಗೂ ಎಳೆದರೆ ಏನಾದೀತು? ಕೊಪ್ಪ ಶೃಂಗೇರಿಗಳ ಕಡೆಯಲ್ಲಿ 'ಆಟ'ವೆಂದರೆ ಯಕ್ಷಗಾನವೆಂದೇ ರೂಢಿಯ ಅರ್ಥ. ರಾತ್ರಿಯ ಆಟದಲ್ಲಿ ಕೀಚಕನನ್ನು ಕೊಂದ ಭೀಮನ ವೇಷಧಾರಿಯು ಬೆಳಗಾಗುವಾಗ ಕೊಲೆಗಡುಕನೆ? ಚದುರಂಗದಲ್ಲಿ ಆನೆ ಕುದುರೆಗಳನ್ನು ಕಡಿದವನಿಗೆ ಪ್ರಾಯಶ್ಚಿತ್ತವುಂಟೆ? ಹಾಗೆಂದು ಯಾವ ಶಾಸ್ತ್ರಕಾರನೂ ಹೇಳಲಾರನು. ಭೀಮನ ವೇಷಧಾರಿಗೆ ಎದುರಿನವನಲ್ಲಿ ದ್ವೇಷವಿಲ್ಲ. ಇಬ್ಬರೂ ಚೌಕಿಯಲ್ಲಿ ಒಟ್ಟಿಗೆ ಕುಳಿತು ಬಣ್ಣ ಹಚ್ಚಿಕೊಂಡವರು. ಯಶೋಧರನಾದರೋ ಹಿಟ್ಟಿನೊಡನೆ ಆಡಲಿಲ್ಲ. ಕೊಲೆಯ ಫಲವು ತನಗೆ ಬೇಕು, ಕೊಲೆಯ ದೋಷವು ಮಾತ್ರ ಬೇಡ ಎಂದು ದೇವತೆಯೊಡನೆ ವ್ಯಾಪಾರಕ್ಕಿಳಿದನು. ಕತ್ತಿಯೆತ್ತಿದ ಸಂಕಲ್ಪವು ಕೊಲ್ಲುವವನ ಸಂಕಲ್ಪವೇ ಆಗಿದ್ದಿತು. ಆದುದರಿಂದ ಎದುರಿಗಿರುವುದು ಹಿಟ್ಟೋ ಮಾಂಸವೋ ಎಂಬುದಕ್ಕಿಂತ, ಮಾಡುವವನು ಏನನ್ನು ಮಾಡುತ್ತಿರುವೆನೆಂದು ತಿಳಿದು ಮಾಡಿದನೆಂಬುದೇ ಇಲ್ಲಿ ಪ್ರಧಾನವಾಗುತ್ತದೆ.

ಈ ದೃಷ್ಟಿಯಿಂದ ಕವಾಹರರ ಗ್ರಂಥವನ್ನು ಮತ್ತೆ ನೋಡಿದರೆ, ಅದರ ಉತ್ತಮಭಾಗವು ಕಾಳಗಗಳಲ್ಲಿ ಕಾಣುವುದಿಲ್ಲ. ಎಂಟನೆಯ ಸಂಪುಟದಲ್ಲಿ ಒಂದು ದಂಪತಿಗಳ ವೃತ್ತಾಂತವಿದೆ. ಹೊರಗಿನ ಲೋಕದಲ್ಲಿಯೂ ಗಂಡಹೆಂಡಿರಾದ ಇವರು ಆಟದಲ್ಲಿ ಸೆರೆಯಾದ ಮೇಲೆ ಗಂಡನು ಅಂಜುಬುರುಕನಾಗುತ್ತಾನೆ. ಮನೆಯಲ್ಲಿ ವಿಧೇಯಳಾಗಿದ್ದ ಹೆಂಡತಿಯು ಧೈರ್ಯದಿಂದ ಹತ್ತು ಜನರನ್ನು ನಡೆಸತಕ್ಕವಳಾಗುತ್ತಾಳೆ. ತಾನು ಪ್ರೀತಿಸಿದವಳು ಇವಳಲ್ಲ, ಹೊರಗೆ ಹೋದ ಮೇಲೆ ತನ್ನನ್ನು ತೊರೆದಾಳು ಎಂದು ಕುದಿದ ಗಂಡನು, ಕೊಲ್ಲಲು ಅನುಕೂಲವಿರುವ ಲೋಕದಲ್ಲಿರುವಾಗಲೇ ಆಕೆಯನ್ನು ಕೊಲೆಗಡುಕರ ಕೈಯಿಂದ ಕೊಲ್ಲಿಸುತ್ತಾನೆ. ಇಲ್ಲಿ ಯಂತ್ರವು ಹೊರಗೆ ಆಕೆಯನ್ನು ಸುಟ್ಟಿತೆಂಬುದು ವೈದ್ಯನಿಗೂ ನ್ಯಾಯಾಧೀಶನಿಗೂ ಬೇಕಾದ ಸಂಗತಿ. ಆ ಯಂತ್ರವು ಕೆಟ್ಟುಹೋಗಿ ಆಕೆಯು ಬದುಕಿ ಎದ್ದಿದ್ದರೆ, ಕಣ್ತೆರೆದೊಡನೆ ಗಂಡನ ಮುಖವನ್ನು ನೋಡಿ 'ಅದು ಆಟ ತಾನೆ' ಎಂದು ಒಲೆ ಹಚ್ಚಲು ಹೋಗುತ್ತಿದ್ದಳೆ? ಈ ಪ್ರಶ್ನೆಯನ್ನು ಯಾವ ಗೃಹಿಣಿಯ ಮುಂದೆ ಇಟ್ಟರೂ ಉತ್ತರವು ಒಂದೇ ಆದೀತು.

ಕನಸಿನ ವಿಷಯವಾಗಿ ಶೃಂಗೇರಿಯ ಪರಂಪರೆಗೆ ಮೂಲಪುರುಷರಾದ ಶಂಕರಭಗವತ್ಪಾದರು ಸೂತ್ರಭಾಷ್ಯದ ಆರಂಭಣಾಧಿಕರಣದಲ್ಲಿ ಸೂಕ್ಷ್ಮವಾದೊಂದು ಮಾತನ್ನು ವಿಚಾರಿಸಿದ್ದಾರೆ. ಕನಸಿನಲ್ಲಿ ಹಾವು ಕಚ್ಚಿತೆಂದುಕೊಂಡವನು ಎಚ್ಚೆತ್ತ ಮೇಲೆ ಆ ಕಡಿತವನ್ನು ಸುಳ್ಳೆಂದು ತಳ್ಳುವನೇ ಹೊರತು, ಕಂಡ ಅರಿವನ್ನು ಸುಳ್ಳೆಂದು ತಳ್ಳುವುದಿಲ್ಲ. ಹಾವು ಬಾಧಿತವಾಯಿತು, ಅರಿವು ಬಾಧಿತವಾಗಲಿಲ್ಲ. ಪ್ರಪಂಚವೇ ಮಿಥ್ಯೆಯೆಂದು ಬೋಧಿಸಿದ ಆಚಾರ್ಯರು ಮಿಥ್ಯೆಯಾದುದೆಲ್ಲ ಲೆಕ್ಕಕ್ಕಿಲ್ಲವೆಂದು ಎಲ್ಲಿಯೂ ಹೇಳಿದವರಲ್ಲ. ಅದ್ವೈತವನ್ನು ಹೀಗೆ ಅಗ್ಗಮಾಡಿ ಜಗಲಿಯ ಮೇಲೆ ಮಾರುವವರು ಈಗಲೂ ಇದ್ದಾರೆ. ಅವರ ಮಾತು ಇಲ್ಲಿ ಬೇಡ. ಶೃಂಗೇರಿಯ ಪೀಠವನ್ನಲಂಕರಿಸಿದ ವಿದ್ಯಾರಣ್ಯರು 'ಜೀವನ್ಮುಕ್ತಿವಿವೇಕ'ದಲ್ಲಿ ಹೇರಳವಾಗಿ ಆಧರಿಸಿದ ಯೋಗವಾಸಿಷ್ಠದಲ್ಲಿ, ಐಂದ್ರಜಾಲಿಕನ ನವಿಲುಗರಿಯ ಬೀಸಿನಿಂದ ಮುಹೂರ್ತಮಾತ್ರದಲ್ಲಿ ಚಂಡಾಲನಾಗಿ ಒಂದು ಆಯುಷ್ಯವನ್ನೇ ಕಳೆದ ಲವಣರಾಜನು, ಎಚ್ಚೆತ್ತ ಮೇಲೂ ಸುಮ್ಮನಿರಲಾರದೆ ಆ ಕಾಡನ್ನು ಹುಡುಕಿಕೊಂಡು ಹೋಗುತ್ತಾನೆ. ಅಲ್ಲಿ ಮಗಳನ್ನೂ ಮೊಮ್ಮಕ್ಕಳನ್ನೂ ನೆನೆದು ಅಳುತ್ತಿರುವ ಮುದುಕಿಯೊಬ್ಬಳನ್ನು ಕಾಣುತ್ತಾನೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರಂತೂ 'ಶ್ರೀ ರಾಮಾಯಣದರ್ಶನಂ' ಮಹಾಕಾವ್ಯದಲ್ಲಿ 'ದಶಾನನ ಸ್ವಪ್ನಸಿದ್ಧಿ' ಎಂಬ ಸಂಚಿಕೆಯನ್ನೇ ರಚಿಸಿ, ಯುದ್ಧಕ್ಕೂ ಬುದ್ಧಿವಾದಕ್ಕೂ ಜಗ್ಗದ ರಾವಣನ ಮನಸ್ಸನ್ನು ಕನಸಿನೊಳಗೆ ತಿರುಗಿಸಿದರು.

ಇನ್ನು ಈ ಕಾದಂಬರಿಗಳೂ ಆಟಗಳೂ ಕೇವಲ ಪಲಾಯನವೆಂದು ತಿರಸ್ಕರಿಸುವ ಹಿರಿಯರ ಪಕ್ಷ ಉಳಿಯಿತು. ಅವರ ಆತಂಕವು ಅಕಾರಣವಲ್ಲ. ರಾತ್ರಿಯೆಲ್ಲ ಕಣ್ಣು ಕೆಡಿಸಿಕೊಂಡ ಬಾಲಕನಿಗೆ ಬೆಳಿಗ್ಗೆ ಪಾಠ ಹತ್ತುವುದಿಲ್ಲ. ಆದರೆ ಅವರು ಬಾಲಕನನ್ನು ಗದರಿಸುವಾಗ 'ಅದೆಲ್ಲ ಸುಳ್ಳು' ಎನ್ನುತ್ತಾರಲ್ಲ, ಆ ಮಾತು ವಿಚಾರಮಾಡಿ ಆಡತಕ್ಕದ್ದು. ಆಟದಲ್ಲಿ ಜೊತೆಗಾರನಿಗೆ ವಂಚಿಸಿ ನಕ್ಕ ಬಾಲಕನು ಅದೇ ಮಾತನ್ನು ತನ್ನ ಸಮರ್ಥನೆಗೆ ಬಳಸಿಕೊಳ್ಳುವನು. ದೂರದ ಊರಿನಲ್ಲಿ ಆ ಜೊತೆಗಾರನು ಅತ್ತದ್ದು ಸುಳ್ಳಲ್ಲವಷ್ಟೆ. ರಾಕ್ಷಸನ ಬೊಂಬೆಯನ್ನು ಕೆಡವಿದ್ದಕ್ಕೆ ಗದರಿಸುವ ತಂದೆಯು ಈ ವಂಚನೆಯನ್ನು ವಿಚಾರಿಸದೆ ಬಿಡುವುದೇ ಹೆಚ್ಚು.

ನಾರ್ವೆ ದೇಶದ ಮಾಟ್ಸ್ ಸ್ಟೀನ್ ಎಂಬಾತನ ಸಂಗತಿಯು ಈ ಹಿರಿಯರು ತಿಳಿಯತಕ್ಕದ್ದು. ಸ್ನಾಯುಗಳು ಕ್ಷೀಣಿಸುವ ಹುಟ್ಟುರೋಗದಿಂದ ಗಾಲಿಕುರ್ಚಿಗೆ ಕಟ್ಟುಬಿದ್ದ ಆತನು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟದಲ್ಲಿ ಇಬೆಲಿನ್ ಎಂಬ ಹೆಸರಿನಿಂದ ವರ್ಷಗಟ್ಟಲೆ ಕಾಲ ಕಳೆದು, 2014ರಲ್ಲಿ ತನ್ನ 25ನೆಯ ವಯಸ್ಸಿನಲ್ಲಿ ತೀರಿಕೊಂಡನು. ಮಗನು ಸ್ನೇಹವನ್ನಾಗಲಿ ಪ್ರೀತಿಯನ್ನಾಗಲಿ ಕಾಣದೆ ಹೋದನೆಂದು ತಾಯಿತಂದೆಗಳು ಕೊರಗಿದರು. ಆತನ ಮರಣವಾರ್ತೆಯನ್ನು ತಂದೆಯು ಪ್ರಕಟಿಸಿದೊಡನೆ ನಾನಾ ದೇಶಗಳಿಂದ ಪತ್ರಗಳ ಮೇಲೆ ಪತ್ರಗಳು ಬಂದುವು. ಪರರ ಸ್ಪರ್ಶವನ್ನು ಸಹಿಸಲಾರದ ಮಗನಿದ್ದ ತಾಯಿಯೊಬ್ಬಳಿಗೆ ಈತನು ಆಟದೊಳಗಿನ ಅಪ್ಪುಗೆಯ ಉಪಾಯವನ್ನು ಸೂಚಿಸಿ, ಆ ತಾಯಿಮಕ್ಕಳನ್ನು ಹತ್ತಿರ ತಂದಿದ್ದನು. ಕೆಲವರ ಮನಸ್ಸನ್ನು ನೋಯಿಸಿಯೂ ಇದ್ದನು. ಆ ಮೇಲೆ ಕ್ಷಮೆ ಬೇಡಿದ್ದನು. ಆತನ ಬಳಗದವರು ಅಲ್ಲಿ ನಡೆದ ಮಾತುಕತೆಗಳನ್ನೆಲ್ಲ ಯಂತ್ರದಲ್ಲಿ ಕೂಡಿಸಿಟ್ಟಿದ್ದರು. 2024ರಲ್ಲಿ ತೆರೆಗೆ ಬಂದ ಚಲನಚಿತ್ರವೊಂದನ್ನು ಸುಮಾರು 42,000 ಪುಟಗಳಷ್ಟಾಗುವ ಆ ದಾಖಲೆಯಿಂದಲೇ ರಚಿಸಿದರು. ಶವಸಂಸ್ಕಾರದ ದಿನ ಬೇರೆ ಬೇರೆ ದೇಶಗಳಿಂದ ಬಂದ ಕೆಲವರು ತಂದೆತಾಯಿಗಳ ಪಕ್ಕದಲ್ಲಿ ನಿಂತರು. ಅವರು ಮಾಟ್ಸನನ್ನು ಅದುವರೆಗೆ ಪ್ರತ್ಯಕ್ಷವಾಗಿ ಕಂಡಿರಲಿಲ್ಲ.