ಪಾತ್ರ ಅರಿತು

‘ಪಾತ್ರ ಅರಿತು ದಾನ ಮಾಡು, ಗೋತ್ರ ಅರಿತು ಹೆಣ್ಣು ಕೊಡು’ ಎಂಬುದು ಹಳೆಯ ಗಾದೆ. ಹೆಣ್ಣನ್ನೂ ಕೊಡುವ ವಸ್ತುಗಳ ಸಾಲಿಗೆ ಸೇರಿಸಿದ ಎರಡನೆಯ ಅರ್ಧ ನನಗೆ ಬೇಡ. ಮೊದಲರ್ಧವನ್ನು ಬಿಡಲು ಮನಸ್ಸಿಲ್ಲ. ಬಾಗಿಲಿಗೆ ಬಂದವರನ್ನು ‘ಅಪಾತ್ರ’ ಎಂದು ಬರಿಗೈಯಲ್ಲಿ ಕಳಿಸಲು ಈ ಮಾತನ್ನು ಬಳಸುವವರನ್ನು ಕಂಡಾಗಲೆಲ್ಲ ನೋವಾಗುತ್ತದೆ. ಬರೀ ಅರ್ಹತೆ ಎಂದು ಓದಿದರೆ ಪಾತ್ರ ಎಂಬ ಪದದ ಮುಕ್ಕಾಲು ಪಾಲು ಚೆಲ್ಲಿಹೋಗುತ್ತದೆ.

ಸಂಸ್ಕೃತದಲ್ಲಿ ‘ಪಾ’ ಎಂದರೆ ಕುಡಿಯುವುದು. ಕುಡಿಯುವುದಕ್ಕೆ ಇರುವುದು ಪಾತ್ರ. ಕನ್ನಡ ಈ ಪದವನ್ನು ಎರಡು ಮಾಡಿಕೊಂಡಿತು. ಬೆಳಗಿ ಬೋರಲು ಹಾಕುವುದು ಪಾತ್ರೆ. ನಟ ಜೀವ ತುಂಬುವುದು ಪಾತ್ರ, ಹೊಳೆ ಹರಿಯುವ ತಗ್ಗು ಪಾತ್ರ, ನಮ್ಮ ಅಕ್ಕರೆ ಯಾರ ಮೇಲೋ ಅವರು ಪ್ರೀತಿಪಾತ್ರರು. ಹಳೆಯ ಶಾಸನಗಳಲ್ಲಿ ನರ್ತಕಿಯೂ ಪಾತ್ರವೇ. ಇವುಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಹೊಳೆಯ ಪಾತ್ರ. ಅದನ್ನು ಕೊರೆದದ್ದು ನೀರೇ. ಪಡೆದು ಪಡೆದೇ ಅದು ಪಾತ್ರವಾಯಿತು. ಮೊದಲೇ ಅರ್ಹತೆ ತೋರಿಸು ಎಂದು ನೀರು ಕೇಳಲಿಲ್ಲ.

ಅಚ್ಚಗನ್ನಡದ ‘ಹಿಡಿ’ಯೂ ಇದೇ ಜಾತಿಯದು. ಕೈ ಹಿಡಿಯುತ್ತದೆ, ಕೊಡ ಎಷ್ಟು ನೀರು ಹಿಡಿಯುತ್ತದೆ ಎಂದು ಕೇಳುತ್ತೇವೆ, ಡಬ್ಬಿಯಲ್ಲಿ ಹಿಡಿಸದ್ದು ಹೊರಗೆ ಉಳಿಯುತ್ತದೆ, ಮನಸ್ಸಿಗೆ ಹಿಡಿಸಿದ್ದು ಒಳಗೆ ಉಳಿಯುತ್ತದೆ. ರೈತರು ನೆಲವನ್ನೂ ಹೀಗೇ ಅಳೆದರು. ಖಂಡುಗ ಕಾಳಿನ ಅಳತೆ. ಒಂದು ಖಂಡುಗ ಬೀಜ ಹಿಡಿಯುವ ಭೂಮಿಯೂ ಖಂಡುಗವೇ. ಹೊಲ ಎಷ್ಟು ಬಿತ್ತನೆಯನ್ನು ಒಳಗೊಳ್ಳಬಲ್ಲದು ಎಂಬುದರಲ್ಲೇ ಅದರ ವಿಸ್ತಾರ.

ಪಾತ್ರದ ವಿಚಾರವನ್ನು ಅತ್ಯಂತ ಸೂಕ್ಷ್ಮವಾಗಿ ಮಾಡಿದವರು ಜೈನರು. ದಾನ ಪಡೆಯುವವರಲ್ಲಿ ಉತ್ತಮ, ಮಧ್ಯಮ, ಜಘನ್ಯ ಎಂದು ಮೂರು ಬಗೆಯ ಪಾತ್ರಗಳನ್ನು ಅವರು ಎಣಿಸಿದರು. ಉತ್ತಮ ಪಾತ್ರ ಎಂದರೆ ಮುನಿ. ಆದರೆ ದಿಗಂಬರ ಮುನಿಯ ಬಳಿ ಉಣ್ಣುವ ಪಾತ್ರೆಯೇ ಇಲ್ಲ! ಕಮಂಡಲು ಇದೆ, ಅದು ಶೌಚದ ನೀರಿಗೆ. ಊಟಕ್ಕೆ ಜೋಡಿಸಿದ ಎರಡು ಅಂಗೈಗಳೇ. ‘ಪಾಣಿಪಾತ್ರ’ ಎಂಬ ಹೆಸರು ಅದಕ್ಕೇ. ದಿನಕ್ಕೆ ಒಂದೇ ಸಲ, ನಿಂತೇ ಆಹಾರ.

ಈ ಕೈಗಳ ಮುಂದೆ ನಿಂತಾಗ ಗಾದೆಯ ‘ಅರಿತು’ ಎಂಬ ಪದಕ್ಕೆ ತೂಕ ಬರುತ್ತದೆ. ಇಲ್ಲಿ ಅರಿಯಬೇಕಾದವರು ಬಡಿಸುವವರು. ಅಂಗೈ ಸುಡಬಾರದು. ಬೆರಳ ಸಂದಿಯಿಂದ ಸೋರುವಷ್ಟು ಸುರಿಯಬಾರದು. ಕೈಯಲ್ಲಿರುವುದು ಮುಗಿಯುವ ತನಕ ಕಾದು ಮುಂದಿನ ತುತ್ತು ಇಡಬೇಕು. ಅನ್ನದಲ್ಲಿ ಒಂದು ಕೂದಲು ಕಂಡರೂ ಅಂತರಾಯ. ಮುನಿ ಕೈ ಬಿಡುತ್ತಾರೆ, ಅಂದಿನ ಊಟ ಅಲ್ಲಿಗೆ ಮುಗಿಯಿತು. ಹಾಗಾಗಿ ಬಡಿಸುವ ಮನೆಯವರು ಅಕ್ಕಿಯನ್ನು ಕಾಳುಕಾಳಾಗಿ ಆರಿಸುತ್ತಾರೆ, ನೀರನ್ನು ಸೋಸಿ ಕಾಯಿಸಿ ಆರಿಸುತ್ತಾರೆ, ಆಮೇಲೆ ಬಾಗಿಲಲ್ಲಿ ನಿಂತು ಕಾಯುತ್ತಾರೆ.